ಡೈ ಕೊರೆದ ಮೇಲೆ ಬದಲಾದ ವೀರರು

ಹೆಗ್ಗನಹಳ್ಳಿಯಿಂದ ಪೀಣ್ಯದವರೆಗಿನ ಅಡ್ಡರಸ್ತೆಗಳ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡುಗಳಲ್ಲಿ ದುಡಿಯುವ ಯಾರನ್ನಾದರೂ ಕೇಳಿ, ಪ್ಲಾಸ್ಟಿಕ್ಕಿನ ಬೆಲೆ ಆಮೇಲೆ, ಮೊದಲ ಖರ್ಚು ಉಕ್ಕಿನ ಡೈಯದು, ಅಂದರೆ ಅಚ್ಚಿನದು ಎನ್ನುತ್ತಾರೆ. ಒಮ್ಮೆ ಡೈ ಕೊರೆಸಿದರೆ ಸಾವಿರಾರು ಪೀಸು ಹೊಡೆದ ಮೇಲೆಯೇ ಹಾಕಿದ ದುಡ್ಡು ಹುಟ್ಟುವುದು. ‘ಸೂಪರ್ ಫ್ರೆಂಡ್ಸ್’ ಕಾರ್ಟೂನಿನ ಕೊನೆಯ ಎರಡು ವರ್ಷಗಳನ್ನು ನಾನು ಈ ಲೆಕ್ಕ ಹಿಡಿದೇ ನೋಡುತ್ತೇನೆ.

ಹಾನಾ-ಬಾರ್ಬೆರಾ ಸ್ಟುಡಿಯೋದವರು 1973ರಲ್ಲಿ ಅಮೆರಿಕದ ಎಬಿಸಿ ವಾಹಿನಿಗಾಗಿ ಶುರುಮಾಡಿದ ಸರಣಿ ಅದು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್, ಅಕ್ವಾಮ್ಯಾನ್ ಎಲ್ಲ ಒಂದೇ ತಂಡ. ಮಕ್ಕಳ ಕಾರ್ಯಕ್ರಮದಲ್ಲಿ ಹೊಡೆದಾಟ ಬೇಡವೆಂದು ಪೋಷಕರು ಪಟ್ಟು ಹಿಡಿದಿದ್ದ ಕಾಲ. ವೀರರು ಮುಷ್ಟಿ ಎತ್ತುವುದೇ ಅಪರೂಪ. 1977ರಲ್ಲಿ ಬಂದ ವಂಡರ್ ಟ್ವಿನ್ಸ್ ಅವಳಿಗಳು, ಅವರ ಕೋತಿ ಗ್ಲೀಕ್ ಆ ಸೌಮ್ಯ ಕಾಲದ ಮಕ್ಕಳು.

1984ರಲ್ಲಿ ಕೆನ್ನರ್ ಕಂಪನಿಯ ‘ಸೂಪರ್ ಪವರ್ಸ್’ ಬೊಂಬೆಗಳು ಅಂಗಡಿಗೆ ಬಂದವು. ಮೊದಲ ಕಂತಿನಲ್ಲಿ ಹನ್ನೆರಡು. ಸೂಪರ್‌ಮ್ಯಾನನ ಎರಡೂ ಕಾಲು ಒತ್ತಿದರೆ ಕೈ ತಾನಾಗಿ ಗುದ್ದುತ್ತದೆ! ಟಿವಿಯಲ್ಲಿ ಗುದ್ದದವನು ಮಗುವಿನ ಅಂಗೈಯಲ್ಲಿ ಗುದ್ದಿದ. ಡೈಗೆ ಹಾಕಿದ ದುಡ್ಡು ಹುಟ್ಟಬೇಕಲ್ಲ, ಅದೇ ವರ್ಷ ಕಾರ್ಟೂನಿನ ಹೆಸರಿಗೂ ‘ಸೂಪರ್ ಪವರ್ಸ್’ ಸೇರಿತು, ಹರೆಯದ ಫೈರ್‌ಸ್ಟಾರ್ಮ್ ತಂಡಕ್ಕೆ ಬಂದ. 1985ರಲ್ಲಿ ಸೈಬೋರ್ಗ್ ಬಂದ. ಬೊಂಬೆಯಾಗದ ಅವಳಿಗಳು ಹಿಂದೆ ಸರಿದರು.

ಬೊಂಬೆ ಮಾರಲು ಕಥೆ ಕೆಡಿಸಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾರಾಟಕ್ಕೆ ಗಟ್ಟಿ ಖಳ ಬೇಕಿತ್ತು. ಹಾಗಾಗಿ ಡಾರ್ಕ್‌ಸೈಡ್ ಬಂದ. ಜ್ಯಾಕ್ ಕರ್ಬಿ 1970ರಲ್ಲಿ ಕಾಮಿಕ್ಸಿಗಾಗಿ ಸೃಷ್ಟಿಸಿದ ಈ ಕಲ್ಲುಮುಖದ ದೊರೆ ಬರುತ್ತಲೇ ಸರಣಿಗೆ ತೂಕ ಬಂತು. ಇನ್ನೂ ದೊಡ್ಡ ಸಂಗತಿ ತೆರೆಯ ಹಿಂದಿನದು. ಬೊಂಬೆಗಳಿಗಾಗಿ ಡಾರ್ಕ್‌ಸೈಡ್ ಮತ್ತಿತರ ನಿಮ್ಮ ಪಾತ್ರಗಳನ್ನು ಮತ್ತೆ ವಿನ್ಯಾಸ ಮಾಡಿಕೊಡಿ ಎಂದು ಈ ವೀರರ ಕಾಮಿಕ್ಸ್ ಪ್ರಕಟಿಸುವ ಡಿಸಿ ಸಂಸ್ಥೆ ಕರ್ಬಿಯವರನ್ನೇ ಕೇಳಿತು, ರಾಯಧನವನ್ನೂ ಕೊಟ್ಟಿತು. ಜೀವಮಾನವಿಡೀ ಬೇರೆಯವರ ಪಾಲಿಗೆ ಸಂಪತ್ತು ಬರೆದ ಕಲಾವಿದನಿಗೆ, ಅರವತ್ತು ದಾಟಿದ ಮೇಲೆ, ಬೊಂಬೆಯ ದೆಸೆಯಿಂದ ಆ ನ್ಯಾಯ ಸಿಕ್ಕಿತು. ನನಗೆ ಈ ಸಾಲಿನ ಬೊಂಬೆಗಳ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಇದೂ ಕಾರಣ.

1985ರ ‘ದಿ ಫಿಯರ್’ ಕಂತನ್ನು ಸಿಕ್ಕರೆ ಬಿಡದೆ ನೋಡಿ. ಅಲನ್ ಬರ್ನೆಟ್ ಬರೆದದ್ದು. ಬ್ಯಾಟ್‌ಮ್ಯಾನನ ತಂದೆತಾಯಿ ಸತ್ತ ಕಥೆ ಕಾಮಿಕ್ಸಿನಾಚೆ ಚಿತ್ರರೂಪ ಪಡೆದದ್ದು ಅಲ್ಲೇ ಮೊದಲು.

ನಮ್ಮಲ್ಲಿ ದೂರದರ್ಶನದಲ್ಲಿ ಹೀ-ಮ್ಯಾನ್ ನೋಡಿ ಬೆಳೆದವರಿಗೆ ಬೊಂಬೆ-ಕಾರ್ಟೂನಿನ ಈ ಬೆಸುಗೆ ಹೊಸತಲ್ಲ. ಹೀ-ಮ್ಯಾನ್ ವಿಷಯದಲ್ಲಂತೂ ಬೊಂಬೆ ಬಂದದ್ದು 1982ರಲ್ಲಿ, ಕಾರ್ಟೂನ್ ಮರುವರ್ಷ. ಫನ್‌ಸ್ಕೂಲ್‌ನವರು ಹ್ಯಾಸ್‌ಬ್ರೋ ಡೈಗಳಿಂದ ಇಲ್ಲೇ ಹೊಡೆದ ಜಿ.ಐ. ಜೋ ಬೊಂಬೆಗಳನ್ನು, ಬಣ್ಣ ಬೇರೆ ಎಂಬ ಕಾರಣಕ್ಕೇ, ವಿದೇಶಿ ಸಂಗ್ರಾಹಕರು ಇಂದು ಹುಡುಕುತ್ತಾರೆ.

ಸೂಪರ್ ಪವರ್ಸ್ ಕೊಳ್ಳುವವರಿಗೆ ಒಂದು ಮಾತು. 1986ರ ಕೊನೆಯ ಬೊಂಬೆ ಕಂತಿನ ಸೈಬೋರ್ಗ್ ದುರ್ಲಭ, ಬೆಲೆಯೂ ಹಾಗೆಯೇ. ಯಾವುದನ್ನೇ ಕೊಳ್ಳಿ, ಬಣ್ಣ ನೋಡುವ ಮೊದಲು ಮೆಲ್ಲಗೆ ಒತ್ತಿ ನೋಡಿ. ಒಳಗಿನ ಕೀಲು ಮುರಿದಿದ್ದರೆ ಕೈಕಾಲು ಆಡದು. ಬಟ್ಟೆಯ ಮೇಲುಹೊದಿಕೆ ಇದ್ದರೆ, ಅದು ಮೂಲದ್ದೇ ಎಂದು ಖಾತ್ರಿಯಾದ ಮೇಲಷ್ಟೇ ದುಡ್ಡು ಕೊಡಿ.