ಏಕಾಂಗಿಯ ದೋಣಿ, ಹಲವರ ಕಡಲು: ಸ್ಲೋಕಮ್‌ನ ಬಿರುಗಾಳಿ ಕಥನದ ಮರುಓದು

ಸಮುದ್ರಯಾನ ಸಾಹಿತ್ಯದಲ್ಲಿ ಜೋಶುವಾ ಸ್ಲೋಕಮ್‌ನ 'ಸೈಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್' (1900) ಕೃತಿಗೆ ವಿಶಿಷ್ಟ ಸ್ಥಾನವಿದೆ. ತಾನೇ ಮರುನಿರ್ಮಿಸಿದ, ಸುಮಾರು 11 ಮೀಟರ್ ಉದ್ದದ 'ಸ್ಪ್ರೇ' ಎಂಬ ಹಾಯಿದೋಣಿಯಲ್ಲಿ 1895ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನಿಂದ ಹೊರಟ ಆತ, 1898ರ ಜೂನ್‌ನಲ್ಲಿ ನ್ಯೂಪೋರ್ಟ್ ತಲುಪಿ, ಒಬ್ಬಂಟಿಯಾಗಿ ಭೂಮಂಡಲವನ್ನು ಸುತ್ತಿದ ಮೊದಲ ನಾವಿಕನೆನಿಸಿದ. ಕೃತಿಯ ಹೃದಯಭಾಗವೆಂದರೆ 1896ರ ಮಾರ್ಚ್‌ನಲ್ಲಿ ದಕ್ಷಿಣ ಅಮೆರಿಕದ ತುದಿಯ ಕರಾವಳಿಯಲ್ಲಿ ಆತ ಎದುರಿಸಿದ ಬಿರುಗಾಳಿಯ ಪ್ರಸಂಗ. ಆ ಪ್ರಸಂಗದಲ್ಲಿ ಸಹನೆಯೆಂಬ ಮೌಲ್ಯವು ಯಾರದಾಗಿ ನಿರೂಪಿತವಾಗಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೆಗೆಲ್ಲನ್ ಜಲಸಂಧಿಯನ್ನು ದಾಟಿ ಪೆಸಿಫಿಕ್ಕಿಗೆ ಕಾಲಿಟ್ಟೊಡನೆ ವಾಯವ್ಯದ ಗಾಳಿ 'ಸ್ಪ್ರೇ'ಯನ್ನು ಆಗ್ನೇಯಕ್ಕೆ ಅಟ್ಟುತ್ತದೆ. ದೊಡ್ಡ ಹಾಯಿ ಚಿಂದಿಯಾಗುತ್ತದೆ. ಹಿಂಬದಿಯಿಂದ ಉದ್ದನೆಯ ಹಗ್ಗಗಳನ್ನು ನೀರಿಗೆ ಬಿಟ್ಟು ಆತ ದೋಣಿಯ ಓಟವನ್ನು ಸ್ಥಿಮಿತಕ್ಕೆ ತರುತ್ತಾನೆ. ಕೊನೆಗೆ ಒಂದು ರಾತ್ರಿಯೆಲ್ಲ ಬಂಡೆಗಳಿಗೆ ಬಡಿದು ನೊರೆಯಾಗುವ ಅಲೆಗಳ ನಡುವೆ, ಆಲಿಕಲ್ಲು ಮುಖವನ್ನು ಸೀಳುತ್ತಿರಲು, ದಿಕ್ಕು ಬದಲಿಸುತ್ತ ಉಳಿಯುತ್ತಾನೆ. ಅದು 'ಮಿಲ್ಕಿ ವೇ' ಎಂದು ಹೆಸರಾದ ಬಂಡೆಗಳ ಸಮೂಹವೆಂಬುದು ಬೆಳಗಾದ ಮೇಲೆಯೇ ತಿಳಿಯುವುದು. ಈ ಕರಾವಳಿ ನೆಲವಾಸಿಯಲ್ಲಿ ಹುಟ್ಟಿಸುವ ಭೀತಿಯನ್ನು ಡಾರ್ವಿನ್ ದಾಖಲಿಸಿದ್ದ. ಅದನ್ನು ನೆನೆದು ಸ್ಲೋಕಮ್ ನಾವಿಕನನ್ನೂ ಆ ಸಾಲಿಗೆ ಸೇರಿಸುತ್ತಾನೆ. ಇಲ್ಲಿ ಭಯದ ವರ್ಣನೆಗಿಂತ ಕೆಲಸದ ವಿವರವೇ ಹೆಚ್ಚು. ಗದ್ಯದ ಸಂಯಮಕ್ಕೆ ಇದೇ ಮೂಲ. ಕಡಲನ್ನು ಆತ ಶತ್ರುವೆಂದು ಬಗೆಯದೆ ಅರಿಯಬೇಕಾದ ಶಕ್ತಿಯೆಂದು ಕಾಣುತ್ತಾನೆ.

ಆದರೆ ಇದೇ ಸಂಯಮ ಅಲ್ಲಿನ ಜನರ ವಿಷಯದಲ್ಲಿ ಉಳಿಯುವುದಿಲ್ಲ. ಬಿರುಗಾಳಿಯಿಂದ ಪಾರಾದ ಆತ ದೋಣಿಯ ಅಟ್ಟದ ಮೇಲೆ ಮೊಳೆಗಳನ್ನು ಹರಡಿ ಮಲಗುತ್ತಾನೆ. ನಡುರಾತ್ರಿ ಹತ್ತಿಬಂದವರು ಬರಿಗಾಲಲ್ಲಿ ಅವನ್ನು ತುಳಿದು ಅರಚುತ್ತ ಓಡುವುದು ಹಾಸ್ಯಪ್ರಸಂಗವಾಗಿ ನಿರೂಪಿತವಾಗಿದೆ. ಆತನಿಗೆ ಮುನ್ನೆಚ್ಚರಿಕೆ ದೊರೆತಿತ್ತು, ಅಪಾಯವೂ ಇತ್ತು, ಅದನ್ನು ಅಲ್ಲಗಳೆಯಲಾಗದು. ಆದರೂ ಈ 'ಕಾಡುಜನ' ಯಾರು ಎಂಬ ಪ್ರಶ್ನೆ ಕೃತಿಯಲ್ಲಿ ಏಳುವುದೇ ಇಲ್ಲ.

ಕವೇಸ್ಕರ್ ಮತ್ತು ಯಾಗಾನ್ ಸಮುದಾಯಗಳು ಸಾವಿರಾರು ವರ್ಷ ಈ ನೀರಿನಲ್ಲಿಯೇ ಬದುಕಿದ್ದವು. ತೊಗಟೆಯ ದೋಣಿಯ ನಡುವೆ ಬೆಂಕಿಯನ್ನು ಆರದಂತೆ ಕಾಯ್ದುಕೊಂಡು, ಹೆಂಗಸರು ಹುಟ್ಟು ಹಾಕುತ್ತ, ಇಡೀ ಸಂಸಾರವೇ ಇದೇ ಗಾಳಿಯನ್ನು ಸಹಿಸುತ್ತಿತ್ತು. ಸ್ಲೋಕಮ್‌ಗೆ ಕೆಲವು ದಿನಗಳ ಸಾಹಸವಾದದ್ದು ಅವರಿಗೆ ನಿತ್ಯದ ಬಾಳು. ಆತ ಹಾದುಹೋದ ಕಾಲುವೆಗೆ ಸಮೀಪದ ಡಾಸನ್ ದ್ವೀಪದಲ್ಲಿ 1889ರಲ್ಲಿ ಸ್ಥಾಪಿತವಾದ ಮಿಷನ್ನಿನಲ್ಲಿ ನೆಲೆಗೊಳಿಸಲಾದ ಮೂಲನಿವಾಸಿಗಳಲ್ಲಿ ಬಹುಮಂದಿ ರೋಗಗಳಿಗೆ ಬಲಿಯಾಗುತ್ತಿದ್ದ ಕಾಲವದು. ಥಾಮಸ್ ಬ್ರಿಜಸ್ ಸಂಗ್ರಹಿಸಿದ, ಸುಮಾರು 32,000 ಪದಗಳ ಯಾಗಾನ್ ನಿಘಂಟು 1933ರಲ್ಲಿ ಅಚ್ಚಾಯಿತು. ಆ ಭಾಷೆಯನ್ನು ತಾಯ್ನುಡಿಯಾಗಿ ಆಡಬಲ್ಲ ಕೊನೆಯವರೆನಿಸಿದ ಕ್ರಿಸ್ಟೀನಾ ಕಾಲ್ಡೆರೊನ್ 2022ರಲ್ಲಿ ತೀರಿಕೊಂಡರು.

ಇದರಿಂದ ಸ್ಲೋಕಮ್‌ನ ನಾವಿಕ ಕೌಶಲವಾಗಲಿ ಬರವಣಿಗೆಯ ಸತ್ವವಾಗಲಿ ಕುಂದುವುದಿಲ್ಲ. ಆದರೆ ಆತನ ಏಕಾಂತವು ಭೌಗೋಳಿಕ ಸತ್ಯವಲ್ಲ, ಕಥನದ ಆಯ್ಕೆ ಎಂಬುದು ಸ್ಪಷ್ಟವಾಗುತ್ತದೆ. ಬಿರುಗಾಳಿಯನ್ನು ಗೆದ್ದವನ ಹೆಸರು ಗ್ರಂಥದಲ್ಲಿ ಉಳಿಯಿತು. ಅದರೊಡನೆ ಬಾಳಿದವರ ಅರಿವು ಅವರ ಭಾಷೆಯಲ್ಲಿತ್ತು. ಸಾಹಸಕಥನಗಳನ್ನು ಓದುವಾಗ ಈ ಎರಡನ್ನೂ ಒಟ್ಟಿಗೆ ನೆನೆಯುವುದು ವಿಮರ್ಶೆಯ ಹೊಣೆ.