ಎಷ್ಟು ಬಂತು ಮಳಿ?

ನಮ್ಮ ಕಡೆ ಶಾಲೆ ಶುರುವಾಗಿ ಒಂದು ವಾರ ಕಳೆಯುವುದರೊಳಗೆ ಮಿರಗ (ಮೃಗಶಿರಾ ಮಳೆ) ಕೂಡುತ್ತದೆ. ಜೂನ್ 7, ತಪ್ಪಿದರೆ 8. ಹೊಸ ನೋಟ್‌ಬುಕ್ಕಿನ ಮೊದಲ ಪುಟ ತೆರೆಯುವ ಹೊತ್ತಿಗೇ ಮುಂಗಾರು ಬರುವಾಗ, ಪರಿಸರ ಅಧ್ಯಯನದ ಮಳೆಯ ಪಾಠವನ್ನು ಕಿಟಕಿ ಮುಚ್ಚಿಕೊಂಡು ಓದಿಸುವುದನ್ನು ನಾನು ಒಪ್ಪಲಾರೆ. ಮಳೆ ಅಳೆಯುವ ಹವ್ಯಾಸ ದೊಡ್ಡವರಿಗಷ್ಟೇ ಯಾಕೆ? ಬೀದರ್, ಭಾಲ್ಕಿ, ಔರಾದಿನ ಒಂದೊಂದು ಪ್ರಾಥಮಿಕ ಶಾಲೆಯ ಅಂಗಳದಲ್ಲೂ ಅದು ನಡೆಯಬೇಕು.

ಒಕ್ಕಲುತನದ ಮನೆಯ ಮಗುವಿಗೆ ಅಳತೆ ಹೊಸದಲ್ಲ. ಅಜ್ಜ ಹೊಲದಲ್ಲಿ ಮಣ್ಣು ಕೆದಕಿ, ತೇವ ಎಷ್ಟು ಬೊಟ್ಟು ಇಳಿದಿದೆ ನೋಡಿ, ‘ಹದ ಆತು’ ಅಂದ ಮೇಲೆಯೇ ಸೋಯಾ, ಉದ್ದು, ಹೆಸರು ಬಿತ್ತುತ್ತಾರೆ. ಅದು ಒಂದು ಹೊಲದ ಲೆಕ್ಕ. ಪಕ್ಕದೂರಿನ ಮಳೆಯ ಜೊತೆ ಹೋಲಿಸಬೇಕೆಂದಾಗ ಮಿಲಿಮೀಟರ್ ಬೇಕಾಗುತ್ತದೆ.

ಬಾಟಲಿ ಕತ್ತರಿಸಿ ಮಳೆಮಾಪಕ ಮಾಡುವುದನ್ನು ಎಲ್ಲ ಕಡೆ ಕಲಿಸುತ್ತಾರೆ. ನನಗೆ ಅದು ಅಷ್ಟು ಹಿಡಿಸದು; ಬಾಟಲಿಯ ತಳ ಉಬ್ಬುತಗ್ಗು, ಮೈ ನಡುವೆ ಸಣ್ಣ. ಬಿಸಿಯೂಟದ ಅಡುಗೆಮನೆಯಲ್ಲಿ ನೆಟ್ಟಗಿನ ಗೋಡೆಯ, ಸಪಾಟು ತಳದ ಸ್ಟೀಲ್ ಡಬ್ಬಿ ಇದ್ದೇ ಇರುತ್ತದೆ. ಅದನ್ನು ಗೋಡೆ, ಗಿಡಗಳಿಂದ ದೂರ, ನೆಲದ ಮಣ್ಣು ಸಿಡಿದು ಒಳಗೆ ಬೀಳದಷ್ಟು ಎತ್ತರಕ್ಕೆ ಇಡಿ. ಹವಾಮಾನ ಇಲಾಖೆಯ ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರುತ್ತದೆ. ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಶಾಲೆ ಅಷ್ಟು ಬೇಗ ತೆರೆಯದು; ಪ್ರಾರ್ಥನೆಗೆ ಮೊದಲು ಸ್ಕೇಲು ಇಳಿಸಿ ನೋಡಿದರೂ ನಡೆಯುತ್ತದೆ. ಆದರೆ ದಿನಾ ಅದೇ ಹೊತ್ತಿಗೆ ನೋಡಬೇಕು.

ಆಗ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸರ್, ದೊಡ್ಡ ಬಕೇಟ್ ಇಟ್ರ ಜಾಸ್ತಿ ಮಳಿ ಬೀಳ್ತದಲ್ರಿ?” ಉತ್ತರ ಹೇಳಿಬಿಡಬೇಡಿ. ನೆಟ್ಟಗಿನ ಗೋಡೆಯ ಒಂದು ದೊಡ್ಡ ಡಬ್ಬಿ, ಒಂದು ಸಣ್ಣ ಡಬ್ಬಿ ಪಕ್ಕಪಕ್ಕ ಇಡಿಸಿ. ಮರುದಿನ ಎರಡರಲ್ಲೂ ನೀರಿನ ಆಳ ಒಂದೇ ಇರುತ್ತದೆ, ನೀರು ಮಾತ್ರ ಹೆಚ್ಚುಕಡಿಮೆ. ಎತ್ತರ ಬೇರೆ, ವಿಸ್ತೀರ್ಣ ಬೇರೆ, ಗಾತ್ರ ಬೇರೆ ಎಂಬುದು ಐದನೆಯ ಇಯತ್ತೆಯ ಮಗುವಿಗೆ ಇದಕ್ಕಿಂತ ಚೊಕ್ಕಟವಾಗಿ ತಿಳಿಯುವ ದಾರಿ ನಾನು ಕಂಡಿಲ್ಲ. ಮುಂದಿನದು ಸಲೀಸು: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಮಾಳಿಗೆಯ ಮೇಲೆ 20 ಮಿ.ಮೀ. ಬಿದ್ದರೆ 1,200 ಲೀಟರ್ ನೀರು! ಸಣ್ಣ ಮಳೆಯ ದಿನ, 10 ಸೆಂ.ಮೀ. ಬಾಯಿಯ ಡಬ್ಬಿಯ ನೀರನ್ನು 5 ಸೆಂ.ಮೀ. ಅಗಲದ ಗ್ಲಾಸಿಗೆ ಸುರಿದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಅರ್ಧ ಮಿಲಿಮೀಟರನ್ನೂ ಓದಬಹುದು.

ತಂತ್ರಜ್ಞಾನದ ಪಾಠಕ್ಕೆ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ಹಾಕಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. ಇಂಥ ಮಾಪಕದ ಹೊಟ್ಟೆಯಲ್ಲಿ ಎರಡು ಪುಟ್ಟ ಬಟ್ಟಲು ತಕ್ಕಡಿಯಂತೆ ತೂಗುತ್ತವೆ. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದೊಂದು ಮಗುಚಿಗೂ ಆಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾಯ್ದು ಒಂದು ಎಣಿಕೆ ದಾಖಲಾಗುತ್ತದೆ. ಸೌರಫಲಕದ ವಿದ್ಯುತ್ತಿನಲ್ಲಿ ನಡೆಯುವ ಈ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ. ಎರಡು ಬಾಟಲಿ ಮುಚ್ಚಳ, ಒಂದು ಪಟ್ಟಿ, ಒಂದು ಸೂಜಿ ಇದ್ದರೆ ಮಕ್ಕಳೇ ಇದರ ಮಾದರಿ ಮಾಡಿ ಮಗುಚು ಎಣಿಸಬಹುದು. ತಮ್ಮ ಡಬ್ಬಿಯ ಲೆಕ್ಕಕ್ಕೂ ಪಂಚಾಯಿತಿಯ ಲೆಕ್ಕಕ್ಕೂ ಯಾಕೆ ಫರಕು ಬಂತು ಎಂದು ಅವರು ಜಗಳವಾಡಲಿ. ನನಗೆ ಬೇಕಾದ್ದು ಆ ಜಗಳವೇ.

ಮೂರೂ ಊರುಗಳ ಶಾಲೆಗಳು ದಿನದ ಅಂಕಿಯನ್ನು ಫೋನಿನಲ್ಲಿ ಹಂಚಿಕೊಂಡರೆ ಇನ್ನೂ ಚಂದ. ಬೀದರಿನಿಂದ ಭಾಲ್ಕಿಯೂ ಔರಾದೂ 40 ಕಿ.ಮೀ. ಆಸುಪಾಸು. ಒಂದು ಕಡೆ ಹಳ್ಳ ಬಂದ ದಿನ ಇನ್ನೊಂದು ಕಡೆ ಡಬ್ಬಿ ಒಣಗಿರುವುದುಂಟು. ಕನ್ನಡ, ಮರಾಠಿ, ಉರ್ದು ಶಾಲೆಗಳೆಲ್ಲ ಇರುವ ಜಿಲ್ಲೆ ನಮ್ಮದು. ಮಿಲಿಮೀಟರ್ ಎಲ್ಲರಿಗೂ ಒಂದೇ. ಮಳೆ ಒಂದೇ ಇದ್ದರೂ ನೆಲ ಬೇರೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ; ಭಾಲ್ಕಿ, ಔರಾದಿನದು ಹೆಚ್ಚಾಗಿ ಎರೆ ಭೂಮಿ. ಎರಡೂ ಮಣ್ಣನ್ನು ತಳ ತೂತಾದ ಡಬ್ಬಿಗಳಲ್ಲಿ ತುಂಬಿ ಸಮನಾಗಿ ನೀರು ಹಾಕಿ. ಕೆಂಪು ಮಣ್ಣು ನೀರನ್ನು ಬೇಗ ಕೆಳಗೆ ಬಿಡುತ್ತದೆ, ಎರೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದೆಯೂ ಬೆಳೆಯುವುದು ಈ ಹಿಡಿತದಿಂದ. ಜಂಬಿಟ್ಟಿಗೆಯೊಳಗೆ ಇಳಿದ ನೀರನ್ನೇ ನೆಲದಡಿ ಹಿಡಿದು ಹರಿಸಿದ್ದು ಬಹಮನಿ ಕಾಲದ ನೌಬಾದಿನ ಕರೇಜ್, ನಮ್ಮ ಸುರಂಗ ಬಾವಿ. ಡಬ್ಬಿಯ ಪ್ರಯೋಗ ಮುಗಿಸಿದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ, ಮೊದಲೇ ಬೇಡ.

ಚಳಿಗಾಲಕ್ಕೆ ಥರ್ಮಾಮೀಟರ್. 1918ರ ಡಿಸೆಂಬರ್ 16ರಂದು ಬೀದರಿನಲ್ಲಿ 2.8 ಡಿಗ್ರಿ ದಾಖಲಾಗಿತ್ತೆಂದು ಹೇಳಿದರೆ ಯಾವ ಮಗುವೂ ಮರುದಿನ ನಸುಕಿನಲ್ಲೇ ಏಳದೆ ಇರದು. ಇನ್ನು ಸಿಡಿಲು. ಬಯಲಿನಲ್ಲಿ ಅದಕ್ಕೆ ಸಿಕ್ಕಿ ಜನ, ದನ ಸಾಯುವ ಜಿಲ್ಲೆಯಿದು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂಬ ಲೆಕ್ಕವನ್ನು ಕಲಿಸಲೇಬೇಕು, ಅದೂ ತರಗತಿಯ ಒಳಗೆ ಕೂತು.

ದೇಶದ ಮಕ್ಕಳ ವಿಜ್ಞಾನ ಸಮಾವೇಶ 2014 ಮತ್ತು 2015ರಲ್ಲಿ ಹವಾಮಾನವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಿತ್ತು. ಹತ್ತು ವರ್ಷ ತುಂಬಿದವರಿಗೆ ಅಲ್ಲಿ ಪ್ರವೇಶವಿತ್ತು. ಎರಡು ವರ್ಷಕ್ಕೆ ನಿಲ್ಲುವ ವಿಷಯ ಇದಲ್ಲ. ಒಂದು ಶಾಲೆಯ ರಿಜಿಸ್ಟರಿನಲ್ಲಿ ಹತ್ತು ಮಿರಗಗಳ ಲೆಕ್ಕ ಕೂಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ರಿಜಿಸ್ಟರಿನ ವಿಚಾರದಲ್ಲಿ ಒಂದು ಕಟ್ಟುನಿಟ್ಟು. ಮಳೆ ಬಾರದ ದಿನ ಸೊನ್ನೆ ಬರೆಯಿರಿ. ಯಾರೂ ನೋಡದ ದಿನ ಗೆರೆ ಎಳೆಯಿರಿ. ಭಾನುವಾರ ನೋಡುವವರಿಲ್ಲದಿದ್ದರೆ ಸೋಮವಾರದ ಅಂಕಿಯ ಮುಂದೆ ‘ಎರಡು ದಿನದ್ದು’ ಎಂದು ನಮೂದಿಸಿ. ಡಬ್ಬಿಯಲ್ಲಿ ಒಂದೆರಡು ಹನಿ ಅಡುಗೆ ಎಣ್ಣೆ ಬಿಟ್ಟಿದ್ದರೆ ನಡುವೆ ನೀರು ಆರಿಹೋಗುವುದೂ ಕಡಿಮೆ.