ಡಬ್ಲ್ಯುಎಸ್‌ಜಿಐ: ಬೈದವರು ಹೆಚ್ಚು, ಓದಿದವರು ಕಡಿಮೆ

ಪೈಥಾನ್‌ನಲ್ಲಿ ವೆಬ್ ತಾಣ ಕಟ್ಟುವವರಲ್ಲಿ ಜ್ಯಾಂಗೊಗೆ ಅಭಿಮಾನಿಗಳಿದ್ದಾರೆ, ಫ್ಲಾಸ್ಕ್‌ಗೂ ಇದ್ದಾರೆ, ಫಾಸ್ಟ್‌ಎಪಿಐ ಬಗ್ಗೆಯಂತೂ ಕೇಳುವುದೇ ಬೇಡ. ಜ್ಯಾಂಗೊ, ಫ್ಲಾಸ್ಕ್‌ಗಳಂಥ ಫ್ರೇಮ್‌ವರ್ಕುಗಳನ್ನು ಸರ್ವರ್‌ಗೆ ಜೋಡಿಸಿಕೊಡುತ್ತ ಬಂದ ಒಪ್ಪಂದಕ್ಕೆ ಮಾತ್ರ ಬೈಗುಳವೇ ಗತಿ. ‘ಹಳೇ ಕಾಲದ್ದು’, ‘ಕುರೂಪಿ’, ‘ಇನ್ನು ಸತ್ತಂತೆಯೇ’ ಎಂಬ ತೀರ್ಪುಗಳು ಡಬ್ಲ್ಯುಎಸ್‌ಜಿಐ ಮೇಲೆ ಸಲೀಸಾಗಿ ಬೀಳುತ್ತವೆ. ಹಾಗೆ ಬೈಯುವವರಲ್ಲಿ ಹೆಚ್ಚಿನವರು ಅದರ ಮೂಲ ದಸ್ತಾವೇಜನ್ನು ತೆರೆದು ನೋಡಿದವರಲ್ಲ. ನನ್ನ ಮಟ್ಟಿಗೆ ಅದು ಆ ಭಾಷೆಯ ಲೋಕದಲ್ಲಿ ಅತ್ಯಂತ ವಿವೇಕದಿಂದ ಬರೆದ ಬರಹಗಳಲ್ಲಿ ಒಂದು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದರ ಋಣ ಇನ್ನೂ ದೊಡ್ಡದು.

ಪೂರ್ವಕಥೆ ಗೊತ್ತಿರುವಂಥದ್ದೇ. ಸಿಜಿಐ, ಫಾಸ್ಟ್‌ಸಿಜಿಐ, ಮಾಡ್‌ಪೈಥಾನ್ ಎಂದು ಪ್ರತಿ ಫ್ರೇಮ್‌ವರ್ಕೂ ತನ್ನದೇ ದಾರಿ ಹಿಡಿದಿದ್ದ ದಿನಗಳಲ್ಲಿ, 2003ರ ಡಿಸೆಂಬರ್‌ನಲ್ಲಿ ಫಿಲಿಪ್ ಜೆ. ಈಬಿ ಡಬ್ಲ್ಯುಎಸ್‌ಜಿಐಯ ದಸ್ತಾವೇಜಾದ ಪೆಪ್ (ಪೈಥಾನ್ ಸುಧಾರಣಾ ಪ್ರಸ್ತಾಪ) 333 ಬರೆದರು. ಯಾವ ಫ್ರೇಮ್‌ವರ್ಕ್ ಆದರೂ ಯಾವ ಸರ್ವರ್ ಮೇಲಾದರೂ ಓಡಬೇಕು ಎಂಬುದು ಗುರಿ. ಪೈಥಾನ್ 3 ಬಂದ ಮೇಲೆ, 2010ರಲ್ಲಿ, ಅದನ್ನೇ ತಿದ್ದಿ ಪೆಪ್ 3333 ಮಾಡಿದರು.

ನಾನು ಹಿಡಿದು ನೋಡಬೇಕೆಂದಿರುವುದು ಅದರ ಒಂದೇ ಒಂದು ನಿಯಮವನ್ನು. ಅದು ನನಗೆ ಮುಖ್ಯವಾಗಿದ್ದು ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ತಾಣ ಕಟ್ಟಿಕೊಡುವ ಕೆಲಸದಿಂದ. ಅಂಗಡಿ ಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರ ಆರಂಭದಲ್ಲಿ ಬಿಗಿಯಾದಾಗ ಈ ರಸ್ತೆಯಲ್ಲೂ ಬೋರ್ಡುಗಳು ಬದಲಾದವು. ಬೋರ್ಡು ಕನ್ನಡವಾಯಿತು, ವೆಬ್ ವಿಳಾಸ ಆಗಲಿಲ್ಲ. ಸೀರೆಯ ಪುಟದ ವಿಳಾಸದಲ್ಲಿ ‘ಸೀರೆ’ ಎಂದೇ ಇರಲಿ ಎಂದು ಅಂಗಡಿಯವರು ಕೇಳಿದರೆ ಅದು ನ್ಯಾಯವಾದ ಬೇಡಿಕೆ. ಅದನ್ನು ನಡೆಸಿಕೊಡಲು ಹೊರಟಾಗಲೇ ಪೆಪ್‌ನ ಆ ನಿಯಮ ಎದುರಾಗುವುದು.

‘ಸೀರೆ’ ಎಂಬುದರಲ್ಲಿ ಯುನಿಕೋಡ್ ಲೆಕ್ಕದಲ್ಲಿ ನಾಲ್ಕು ಚಿಹ್ನೆಗಳಿವೆ: ಸ, ಅದರ ದೀರ್ಘ, ರ, ಅದರ ಎತ್ವ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ ಹನ್ನೆರಡು ಬೈಟು. ಬ್ರೌಸರ್ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಹಚ್ಚಿ ಕಳಿಸುವುದರಿಂದ ತಂತಿಯ ಮೇಲೆ ಹೋಗುವುದು 36 ಅಕ್ಷರ. ಸರ್ವರ್ ಆ ಕಟ್ಟನ್ನು ಬಿಚ್ಚಿ ಪಾತ್ ಇನ್ಫೊ ಎಂಬ ಹೆಸರಿನಲ್ಲಿ ಫ್ರೇಮ್‌ವರ್ಕಿನ ಕೈಗೆ ಕೊಡುತ್ತದೆ. ಹೇಗೆ ಕೊಡಬೇಕು? ಸ್ಟ್ರಿಂಗ್ ಆಗಿಯೇ ಕೊಡಬೇಕು, ಆದರೆ ಪ್ರತಿ ಬೈಟೂ ಲ್ಯಾಟಿನ್-1ರ ಒಂದು ಅಕ್ಷರವಾಗಿ ನಿಲ್ಲಬೇಕು ಎನ್ನುತ್ತದೆ ದಸ್ತಾವೇಜು. ಹಾಗಾಗಿ ಮೊದಲ ‘ಸ’ ಫ್ರೇಮ್‌ವರ್ಕಿಗೆ ತಲುಪುವುದು 224, 178, 184 ಎಂಬ ಮೂರು ಸಂಖ್ಯೆಗಳ ವೇಷದಲ್ಲಿ: ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ ಅಕ್ಷರ, ಮೇಲಕ್ಕೇರಿದ ಪುಟ್ಟ 2, ಬಾಲದಂಥ ಒಂದು ಗುರುತು. ದೀರ್ಘದ ಕೊನೆಯ ಬೈಟು 128 ಕಣ್ಣಿಗೇ ಕಾಣದು. ಲಾಗ್ ತೆರೆದವರಿಗೆ ‘ಸೀರೆ’ ಎಲ್ಲೂ ಸಿಗುವುದಿಲ್ಲ, ಕಸ ಸಿಗುತ್ತದೆ. ಎಂಜಿನಿಯರ್ ಮೊದಲು ವೆಬ್ ಸರ್ವರ್ ಎಂಜಿನ್‌ಎಕ್ಸ್ ಅನ್ನು ಶಂಕಿಸುತ್ತಾನೆ, ಆಮೇಲೆ ಡೇಟಾಬೇಸನ್ನು, ಕೊನೆಗೆ ಕನ್ನಡವನ್ನೇ.

ವಿಮರ್ಶಕರು ನಿಲ್ಲುವುದು ಇಲ್ಲಿಗೇ. ‘2010ರಲ್ಲಿ ಕೂತು ಯಾರಾದರೂ ಲ್ಯಾಟಿನ್-1 ಎನ್ನುತ್ತಾರೆಯೇ?’ ಎಂಬುದು ಅವರ ಪ್ರಶ್ನೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ರೋಮನ್ ಅಕ್ಷರಗಳ ರಾಶಿ ಕಂಡ ನಮಗೆ ಆ ಸಿಟ್ಟು ಸಹಜವೂ ಹೌದು. ಆದರೆ ಎರಡರ ನಡುವೆ ಹಗಲುರಾತ್ರಿಯ ಅಂತರವಿದೆ. ಅಲ್ಲಿ ಅರ್ಥ ಫಾಂಟಿನಲ್ಲಿ ಅಡಗಿತ್ತು. ಫಾಂಟ್ ಕಳೆದರೆ ಅರ್ಥವೂ ಹೋಯಿತು. ಇಲ್ಲಿ ಏನೂ ಕಳೆಯುವುದಿಲ್ಲ. ಲ್ಯಾಟಿನ್-1ರಲ್ಲಿ 0ಯಿಂದ 255ರವರೆಗೆ ಪ್ರತಿ ಬೈಟಿಗೂ ಒಂದು ಜಾಗವಿದೆ, ಆದ್ದರಿಂದ ಯಾವ ಬೈಟು ಬಂದರೂ ಸರ್ವರ್ ಮುಗ್ಗರಿಸುವುದಿಲ್ಲ, ಊಹಿಸುವುದೂ ಇಲ್ಲ. ಫ್ರೇಮ್‌ವರ್ಕ್ ಅದನ್ನು ಲ್ಯಾಟಿನ್-1ರ ಮೂಲಕ ಮತ್ತೆ ಬೈಟುಗಳಿಗೆ ಮರಳಿಸಿ ಯುಟಿಎಫ್-8 ಎಂದು ಓದಿದರೆ ‘ಸೀರೆ’ ಇದ್ದಂತೆಯೇ ಕೈಗೆ ಬರುತ್ತದೆ. ಇನ್ನೊಂದು ಮಾತು: ಈ ನಿಯಮ ಪೈಥಾನ್ 3ಕ್ಕಾಗಿ ತರಾತುರಿಯಲ್ಲಿ ಹಾಕಿದ ತೇಪೆಯಲ್ಲ. ಜೈಥಾನ್‌ನಂಥ, ಸ್ಟ್ರಿಂಗುಗಳೆಲ್ಲ ಯುನಿಕೋಡ್ ಆಗಿದ್ದ ಪೈಥಾನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಬಿ ಅದನ್ನು ಮೊದಲ ದಸ್ತಾವೇಜಿನಲ್ಲೇ ಬರೆದಿದ್ದರು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ.

ಇದರ ಹಿಂದಿರುವ ವಿವೇಕ ಈ ಬೀದಿಯವರಿಗೆ ಹೊಸದಲ್ಲ. ಜವಳಿ ಅಂಗಡಿಯವರು ಬಟ್ಟೆ ಅಳೆದು ಕೊಡುತ್ತಾರೆ, ರವಿಕೆಗೆ ಕತ್ತರಿ ಹಾಕುವುದು ಅಳತೆ ಗೊತ್ತಿರುವ ಟೈಲರ್. ವಿಳಾಸದಲ್ಲಿರುವುದು ಯಾವ ಸಂಕೇತಕ್ರಮ ಎಂಬುದು ತಾಣ ಬರೆದವರಿಗೆ ಗೊತ್ತಿರುತ್ತದೆ, ಸರ್ವರ್‌ಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಮುಟ್ಟಬೇಡ ಎಂದು ಒಪ್ಪಂದ ಹೇಳಿದರೆ ಅದು ಕುರೂಪ ಹೇಗಾಯಿತು?

ದೋಷಗಳೇ ಇಲ್ಲವೆಂದಲ್ಲ. ಸ್ಟೇಟಸ್ಸು, ಹೆಡರುಗಳನ್ನು ಸುಮ್ಮನೆ ಹಿಂದಿರುಗಿಸುವ ಬದಲು ‘ಸ್ಟಾರ್ಟ್ ರೆಸ್ಪಾನ್ಸ್’ ಎಂಬುದನ್ನು ಕರೆದು ಒಪ್ಪಿಸಬೇಕು, ಅದು ಮತ್ತೆ ‘ರೈಟ್’ ಎಂಬ ಇನ್ನೊಂದನ್ನು ಕೊಡುತ್ತದೆ. ಹಳೆಯ ಫ್ರೇಮ್‌ವರ್ಕುಗಳನ್ನೂ ಜೊತೆಗೆ ಕರೆದೊಯ್ಯಲು ಮಾಡಿದ ಈ ಏರ್ಪಾಡು ಮಿಡಲ್‌ವೇರ್ ಬರೆಯುವವರಿಗೆ ಇಂದಿಗೂ ತಲೆನೋವು. ಇದೇ ವಿಚಾರವನ್ನು 2007ರಲ್ಲಿ ರೂಬಿಗೆ ತಂದ ರ‍್ಯಾಕ್, ಸ್ಟೇಟಸ್ಸು, ಹೆಡರು, ಬಾಡಿ ಮೂರನ್ನೂ ಒಟ್ಟಿಗೆ ಹಿಂದಿರುಗಿಸಿ ಎಂದು ಸರಳ ಮಾಡಿತು. ಪೈಥಾನ್‌ನಲ್ಲೂ ಕ್ರಿಸ್ ಮೆಕ್‌ಡೊನೊ ಮತ್ತು ಆರ್ಮಿನ್ ರೊನಾಕರ್ 2010ರಲ್ಲಿ ಪೆಪ್ 444 ಬರೆದು ಅದೇ ದಾರಿ ತೋರಿಸಿದರು. ಅದು ಮುಂದೆ ಹೋಗಲಿಲ್ಲ. ಹೋಗಬೇಕಿತ್ತು.

ಆದರೂ ಈ ಒಪ್ಪಂದ ಹೊತ್ತ ಭಾರ ನೋಡಿ. ಆರನ್ ಸ್ವಾರ್ಟ್ಜ್ ಆರಂಭಿಸಿ, ಆಮೇಲೆ ಬೆಂಗಳೂರಿನ ಆನಂದ್ ಚಿಟ್ಟಿಪೋತು ನೋಡಿಕೊಂಡು ಬಂದ ವೆಬ್.ಪೈ ಇದೆಯಲ್ಲ, ಓಪನ್ ಲೈಬ್ರರಿಯಂಥ ದೊಡ್ಡ ಗ್ರಂಥಸೂಚಿ ನಿಂತಿರುವುದು ಅದರ ಮೇಲೆ. ಅದನ್ನು ಸರ್ವರ್‌ಗೆ ಒಪ್ಪಿಸುವುದು ‘ಡಬ್ಲ್ಯುಎಸ್‌ಜಿಐ ಫಂಕ್’ ಎಂಬ ಒಂದೇ ಕರೆ. ಬೆಂಗಳೂರಿನದೇ ಹ್ಯಾಸ್‌ಗೀಕ್ ಸಂಸ್ಥೆ ಫ್ಲಾಸ್ಕ್ ಮೇಲೆ ತನ್ನ ತಾಣ ಕಟ್ಟಿ ಕೋಡನ್ನು ಬಹಿರಂಗವಾಗಿ ಇಟ್ಟಿತು. ಇವೆರಡನ್ನು ಬರೆದವರು ಸರ್ವರ್ ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಈಗ ಡಬ್ಲ್ಯುಎಸ್‌ಜಿಐಯ ಅಸಿಂಕ್ ಉತ್ತರಾಧಿಕಾರಿಯಾದ ಎಎಸ್‌ಜಿಐ ಪಕ್ಷದವರ ಮಾತಿಗೆ ಬರೋಣ. ಆಂಡ್ರ್ಯೂ ಗಾಡ್ವಿನ್ ಅವರ ಜ್ಯಾಂಗೊ ಚಾನೆಲ್ಸ್ ಕೆಲಸದಿಂದ ಹುಟ್ಟಿದ ಎಎಸ್‌ಜಿಐ ಒಳ್ಳೆಯ ಒಪ್ಪಂದ. ವೆಬ್‌ಸಾಕೆಟ್ ಬೇಕಾದರೆ, ಸಾವಿರಾರು ಸಂಪರ್ಕಗಳನ್ನು ಏಕಕಾಲಕ್ಕೆ ತೆರೆದಿಡಬೇಕಾದರೆ ಅದೇ ದಾರಿ. ಹಳೆಯದನ್ನು ಅದಕ್ಕಾಗಿ ರೂಪಿಸಿದ್ದಲ್ಲ. 2019ರ ಡಿಸೆಂಬರ್‌ನಲ್ಲಿ ಜ್ಯಾಂಗೊ 3.0 ಅದನ್ನು ಒಪ್ಪಿಕೊಂಡಿತು. ಅಂದಿನಿಂದ ಶುರುವಾಯಿತು ಈ ಹಟ: ಎಲ್ಲವನ್ನೂ ಅಲ್ಲಿಗೇ ಸಾಗಿಸಿ, ವೇಗ ತಾನಾಗಿ ಬರುತ್ತದೆ. ಬರುವುದಿಲ್ಲ. ಬಟ್ಟೆ ಅಂಗಡಿಯ ತಾಣ ಕಾಯುವುದು ಡೇಟಾಬೇಸಿಗಾಗಿ, ಪಾವತಿ ಗೇಟ್‌ವೇಗಾಗಿ. ಕೋರ್‌ಗಳ ಸಂಖ್ಯೆಯ ಎರಡರಷ್ಟಕ್ಕೆ ಒಂದು ಸೇರಿಸಿ ವರ್ಕರ್ ಇಡಿ ಎಂಬ, ಡಬ್ಲ್ಯುಎಸ್‌ಜಿಐ ಸರ್ವರ್ ಗುನಿಕಾರ್ನ್‌ನ ಸಲಹೆಯಂತೆ ಎರಡು ಕೋರಿನ ಯಂತ್ರದಲ್ಲಿ ಐದು ವರ್ಕರ್ ಇಟ್ಟರೆ ಅಂಥ ಅಂಗಡಿಯ ಹಬ್ಬದ ವ್ಯಾಪಾರ ನಡೆದುಹೋಗುತ್ತದೆ. ಬಿಲ್ಲಿಂಗ್ ಕೋಡಿನ ತುಂಬ ‘ಅಸಿಂಕ್’, ‘ಅವೇಟ್’ ಹಾಕಿಸಿ, ಒಂದು ಹಳೆಯ ಲೈಬ್ರರಿ ಇಡೀ ಲೂಪನ್ನು ತಡೆದು ನಿಲ್ಲಿಸುವ ಅಪಾಯವನ್ನು ತಲೆಗೆ ಕಟ್ಟುವುದು ಆ ಅಂಗಡಿಗೆ ಮಾಡುವ ಅನ್ಯಾಯ. ತರಬೇತಿ ಕೇಂದ್ರಗಳು ಇದನ್ನೇ ‘ಲೇಟೆಸ್ಟ್’ ಎಂದು ಕಲಿಸುತ್ತಿರುವುದನ್ನು ನೋಡಿ ಬೇಸರವಾಗುತ್ತದೆ. ಸರ್ವರ್ ಮತ್ತು ಫ್ರೇಮ್‌ವರ್ಕ್ ನಡುವೆ ಏನು ಹಾದುಹೋಗುತ್ತದೆ ಎಂದು ಕೇಳಿದರೆ ಅಲ್ಲಿ ಕಲಿತ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ.

ವೇಗದ ಜಗಳಕ್ಕಿಂತ ದೊಡ್ಡದು ‘ಸೀರೆ’ಯದು. ಎಎಸ್‌ಜಿಐನಲ್ಲಿ ಸರ್ವರ್ ತಾನೇ ವಿಳಾಸವನ್ನು ಯುಟಿಎಫ್-8 ಎಂದು ಓದಿ ಕೊಡಬೇಕು. ವಿಳಾಸ ಸರಿಯಿದ್ದರೆ ಇದು ಅನುಕೂಲವೇ. ಆದರೆ ಸಂದೇಶದಲ್ಲಿ ಹೋದ ಕೊಂಡಿ ತುಂಡಾಗಿ ಆ 36 ಅಕ್ಷರಗಳಲ್ಲಿ ಕೊನೆಯ ಮೂರು ಬಿದ್ದುಹೋದವು ಎನ್ನಿ. ಡಬ್ಲ್ಯುಎಸ್‌ಜಿಐ ಮೇಲೆ ಓಡುವ ಜ್ಯಾಂಗೊ ‘ಸೀರ’ ಎಂದು ಓದಿಕೊಂಡು, ಅರ್ಧವಾದ ಎತ್ವದ ಎರಡು ಬೈಟುಗಳನ್ನು ಮತ್ತೆ ಶೇಕಡಾ ರೂಪಕ್ಕೆ ತಿರುಗಿಸಿ ಹಾಗೇ ಉಳಿಸುತ್ತದೆ. ಬಂದದ್ದೇನೆಂದು ಗೊತ್ತಾಗುತ್ತದೆ, ಸರಿಯಾದ ಪುಟಕ್ಕೆ ಕಳಿಸುವ ಕೋಡನ್ನೂ ಬರೆಯಬಹುದು. ಎಎಸ್‌ಜಿಐ ಸರ್ವರ್ ಯುವಿಕಾರ್ನ್‌ನಲ್ಲಾದರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಹೊತ್ತ ಬದಲಿ ಚಿಹ್ನೆ ಕೂತಿರುತ್ತದೆ. ಮೂಲ ಬೈಟುಗಳನ್ನು ‘ರಾ ಪಾತ್’ ಎಂದು ಬೇರೆಯಾಗಿ ಕೊಡಬಹುದು ಎಂದಿದೆ, ಯುವಿಕಾರ್ನ್ ಕೊಡುತ್ತದೆ ಕೂಡ. ಆದರೆ ಅದು ಐಚ್ಛಿಕ, ಜ್ಯಾಂಗೊ ನೋಡುವುದು ಸರ್ವರ್ ಓದಿ ಕೊಟ್ಟ ವಿಳಾಸವನ್ನೇ.

ಎಎಸ್‌ಜಿಐ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಆ ‘ರಾ ಪಾತ್’ ಅನ್ನು ಕಡ್ಡಾಯ ಮಾಡಿ. ಅದಾಗುವವರೆಗೆ, ಕನ್ನಡದಲ್ಲಿ ವಿಳಾಸ ಬೇಕೆಂದು ಕೇಳುವ ಅಂಗಡಿಗಳಿಗೆ ನಾನು ಎಂಜಿನ್‌ಎಕ್ಸ್ ಹಿಂದೆ ಗುನಿಕಾರ್ನ್, ಅದರ ಹಿಂದೆ ಡಬ್ಲ್ಯುಎಸ್‌ಜಿಐ ಕಟ್ಟಿ ಕೊಡುವವನೇ.